ಶಾಖೆಯ ಅಂಗಳದ ಸಮಾಧಿ

ವಿಕ್ಟೋರಿಯಾ ಸರೋವರದ ಆ ದ್ವೀಪದಲ್ಲಿ ತಾರಸಿ ಇದ್ದದ್ದು ಅಗೋಲಾಳ ಮನೆಗೆ ಮಾತ್ರ, ಉಳಿದವಕ್ಕೆಲ್ಲ ತಗಡು. ಅವಳ ಗಂಡ ಒಡೆರಾ ಮೀನು ಮಾರಿ ಕಟ್ಟಿಸಿದ ಮನೆ ಅದು. ಮೀನಿನ ದುಡ್ಡನ್ನು ಆಚೆ ದಡದ ಉಳಿತಾಯ ಸಂಘಕ್ಕೆ ಕಟ್ಟಲು ದೋಣಿ ಹತ್ತಿದವನನ್ನು ನಡುನೀರಿನಲ್ಲಿ ಕಳ್ಳರು ಹೊಡೆದು ಹಾಕಿದರು. ಊರವರು ಅವನನ್ನು ಮನೆಯ ಅಂಗಳದಲ್ಲೇ ಹೂತರು. ಅಂದಿನಿಂದ ಅವಳದು ಒಂದೇ ಹಟ: ಸಂಘದ ಶಾಖೆ ಈ ದಡಕ್ಕೇ ಬರಬೇಕು. ತನ್ನ ಮನೆಯ ಮುಂಗೋಣೆಯನ್ನು ಅದಕ್ಕೆ ಬಿಟ್ಟುಕೊಡುತ್ತೇನೆಂದಳು.

ಪರವಾನಗಿಗೆ ಮುಂಚೆ ಜಾಗ ನೋಡಲು ನೈರೋಬಿಯಿಂದ ಅಧಿಕಾರಿ ಮುತೂರಿ ಬಂದ. ಅವಳು ಬಡಿಸಿದ ಮೆಕ್ಕೆಜೋಳದ ಮುದ್ದೆ ಉಗಾಲಿ, ಹುರಿದ ಮೀನು ಉಂಡು, ಮನೆ ಸುತ್ತಿ ಬಂದ.

"ಗಟ್ಟಿ ಮನೆ ತಾಯಿ. ಆದ್ರೆ ತಿಜೋರಿ ಇರೋ ಕಾಂಪೌಂಡಿನೊಳಗೆ ಸಂಸಾರ ಇರೋ ಹಾಗಿಲ್ಲ. ಸುತ್ತ ಗೋಡೆ, ಗೇಟಿಗೆ ಕಾವಲು ಆಗ್ಬೇಕು. ನೀವು ಖಾಲಿ ಮಾಡಿದ್ರೇನೇ ಒಪ್ಪಿಗೆ."

ಸಂಘದ ಅಧ್ಯಕ್ಷ ಒಗ್ವೆನೋ ಒಡೆರಾನ ಚಿಕ್ಕಪ್ಪನ ಮಗ. "ಮೀನು ತಿಂದು ಮುಳ್ಳು ನಮ್ಮ ಕೈಗೆ ಕೊಟ್ರಲ್ಲ ಸ್ವಾಮಿ," ಎಂದ.

"ನಿಯಮ ನಾನು ಮಾಡಿದ್ದಲ್ಲಪ್ಪ. ತಿಜೋರಿಗೆ ತಾರಸಿ ಮನೆಯೇ ಆಗ್ಬೇಕು, ಬೇರೆ ಇದ್ರೆ ತೋರಿಸಿ."

ಇರಲಿಲ್ಲ. ಅಧಿಕಾರಿಯ ದೋಣಿ ಹೋದ ಮೇಲೆ ಒಗ್ವೆನೋ ತಗ್ಗಿದ ದನಿಯಲ್ಲಿ ಹೇಳಿದ: "ಬೇಡ ಅಂದ್ಬಿಡಿ ಅತ್ತಿಗೆ. ಗಂಡನ ಮಣ್ಣು ಬಿಟ್ಟು ಹೋದ್ಲು ಅಂತ ಜನ ಆಡ್ಕೋತಾರೆ."

"ಆಡ್ಕೊಳ್ಳೋರ ಗಂಡಂದಿರು ಇನ್ನೂ ದೋಣೀಲೇ ದುಡ್ಡು ಒಯ್ತಾ ಇದಾರಲ್ಲೋ."

ಅಗೋಲಾ ಮನೆ ಖಾಲಿ ಮಾಡಿ ಗುಡ್ಡದ ಮೇಲಿದ್ದ ತಂಗಿಯ ತಗಡಿನ ಕೋಣೆಗೆ ಹೋದಳು. ಗೋಡೆ ಎದ್ದಿತು. ಸಮಾಧಿ ಒಳಗೇ ಉಳಿಯಿತು. ಪರವಾನಗಿಯೂ ಬಂತು.

ಶಾಖೆ ತೆರೆದ ಮರುದಿನ ಬೆಳಿಗ್ಗೆ, ದಿನಾ ಸಮಾಧಿಯ ಸುತ್ತ ಗುಡಿಸಿದ ಅಭ್ಯಾಸ, ಪೊರಕೆ ಹಿಡಿದು ಗೇಟಿಗೆ ಬಂದಳು. ಕಾವಲಿನವನು ಪರವೂರಿನವನು.

"ದುಡ್ಡು ಕಟ್ಟೋಕಾ, ತೆಗೆಯೋಕಾ ಅಮ್ಮಾ?"

"ಗುಡಿಸೋಕೆ."

"ಗುಡಿಸೋರು ಆಗ್ಲೇ ಬಂದು ಹೋದ್ರು. ಒಳಗೆ ಕೆಲಸ ಇದ್ರೆ ಕ್ಯೂನಲ್ಲಿ ನಿಲ್ಲಿ."

ಅದು ಯಾರ ಮನೆಯೆಂದು ಅವಳು ಹೇಳಲಿಲ್ಲ. ಹೇಳಿದರೆ ಬಿಡುತ್ತಿದ್ದನೋ ಏನೋ. ಇವತ್ತು ಒಬ್ಬಳನ್ನು ಬಿಟ್ಟರೆ ನಾಳೆ ಇನ್ನೊಬ್ಬರನ್ನೂ ಬಿಟ್ಟಾನು. ಕ್ಯೂನಲ್ಲಿ ನಿಂತಳು. ಮುಂದೆ ಹರೆಯದ ಮೀನುಗಾರ್ತಿಯೊಬ್ಬಳು ದುಡ್ಡಿನ ಗಂಟನ್ನು ಎದೆಗೊತ್ತಿಕೊಂಡಿದ್ದಳು.

"ಗಂಡ ಎಲ್ಲೇ?"

"ರಾತ್ರಿಯೆಲ್ಲ ಬಲೆ ಹಾಕಿ ಮಲಗಿದಾನೆ ಅತ್ತೆ. ಆಚೆ ದಡಕ್ಕೆ ಹೋಗೋದು ತಪ್ತಲ್ಲ."

"ಮಲಗಲಿ ಬಿಡು, ಎಬ್ಬಿಸ್ಬೇಡ."

ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗೇಟಿನ ಸರಳುಗಳ ಸಂದಿಯಿಂದ ಒಳಗೆ ಇಣುಕಿದಳು. ಗೋಡೆ ಕಟ್ಟಿದವರು ಗಾರೆಯ ಬಾಂಡಲಿಯನ್ನು ಒಡೆರಾನ ಸಮಾಧಿಯ ಮೇಲೆ ಕವುಚಿಟ್ಟು ಮರೆತು ಹೋಗಿದ್ದರು.