ಮುಂಗಡ ಬುಕ್ ಮಾಡಿದ ಕಡಲು

ಇಂದುಮತಿ ಟಿವಿಗೆ ತೀರ ಹತ್ತಿರ, ಮುಖವನ್ನು ಒಂದಿಷ್ಟು ಓರೆ ಮಾಡಿಕೊಂಡು ಕೂರುತ್ತಿದ್ದಳು. ಪರದೆಯ ನೀಲಿ ಬೆಳಕು ಅವಳ ಒಂದೇ ಕೆನ್ನೆಯ ಮೇಲೆ ಬೀಳುತ್ತಿತ್ತು. ನೋಟದ ನಡುಭಾಗ ಮಸುಕಾಗುತ್ತ ಬಂದಿದ್ದರಿಂದ ಅವಳು ಎಲ್ಲವನ್ನೂ ಕಣ್ಣಂಚಿನಿಂದಲೇ ನೋಡಬೇಕಾಗಿತ್ತು. ಈ ಮಸುಕು ಹರಡುತ್ತ ಹೋಗುತ್ತದೆ, ತಡೆಯುವ ಔಷಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ಬರುವ ವರ್ಷದ ಹೊತ್ತಿಗೆ ಬೆಳಕು ನೆರಳುಗಳಷ್ಟೇ ಉಳಿಯಬಹುದು ಎಂದೂ ಹೇಳಿದ್ದರು.

ನಾನಾಗ ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಸ್ಟೇರಿಂಗ್ ತಿರುಗಿಸಿ ಮನೆಗೆ ಬಂದವನಿಗೆ ಯಾವ ಆಟದ ಗೊಡವೆಯೂ ಬೇಕಿರಲಿಲ್ಲ. ವಿಡಿಯೊ ಗೇಮ್ ಅವಳ ಲೋಕ. ಮದುವೆಯ ಹೊಸತರಲ್ಲಿ ಅವಳು 'ಕಡಲ ದಾರಿ' ಎಂಬ ಆಟವನ್ನು ಮುಗಿಸಿ, ಮತ್ತೆ ಮೊದಲಿಂದ ಆಡಿದ್ದಳು. ಒಬ್ಬ ಅಂಬಿಗ ದ್ವೀಪದಿಂದ ದ್ವೀಪಕ್ಕೆ ಜನರನ್ನು ದಾಟಿಸುವುದು, ಅಷ್ಟೇ ಆ ಆಟ. ಅದರ ಎರಡನೆಯ ಭಾಗ ಬರುತ್ತದೆ ಎಂಬ ಸುದ್ದಿ ತಿಳಿದದ್ದೇ ನನ್ನನ್ನು ಬಸ್ ನಿಲ್ದಾಣದ ಹಿಂದಿನ ಗೇಮ್ ಅಂಗಡಿಗೆ ಕರೆದುಕೊಂಡು ಹೋದಳು. ಮುಂಗಡ ಬುಕ್ ಮಾಡಿದವರ ದೋಣಿಗೆ ಕೆಂಪು ಹಾಯಿ ಕೊಡುತ್ತಾರಂತೆ. ಕೆಂಪಾದರೆ ಕೊನೆಯವರೆಗೂ ಗುರುತು ಹತ್ತೀತು ಎಂಬುದು ಅವಳ ಎಣಿಕೆ.

ಅಂಗಡಿಯ ಫಯಾಜ್ ಮುಚ್ಚುಮರೆಯಿಲ್ಲದ ಮನುಷ್ಯ. ಬುಕ್ ಮಾಡದಿದ್ದರೂ ಆಟ ಸಿಕ್ಕೇ ಸಿಗುತ್ತದೆ, ಬಂದ ಮೇಲೆ ನಾಲ್ಕು ಜನ ಆಡಿ ಚೆನ್ನಾಗಿದೆ ಅಂದರೆ ತೆಗೆದುಕೊಳ್ಳುವುದೇ ಒಳ್ಳೆಯದು ಎಂದ. ನನಗೂ ಅದೇ ಸರಿ ಅನ್ನಿಸಿತು. ಇಂದುಮತಿ ಕೇಳಲಿಲ್ಲ.

ಮಳೆಗಾಲಕ್ಕೆ ಬರಬೇಕಾದ ಆಟ ದೀಪಾವಳಿಗೆ ಹೋಯಿತು. ದೀಪಾವಳಿಗೂ ಬರಲಿಲ್ಲ. ಕೆಲಸ ಇನ್ನೂ ಮುಗಿದಿಲ್ಲ, ಕ್ಷಮಿಸಿ ಎಂದು ಆಟ ಮಾಡುವವರು ಮತ್ತೆ ಮತ್ತೆ ತಿಳಿಸುತ್ತಿದ್ದರು. ಅಷ್ಟರಲ್ಲಿ ಅವಳು ಅನ್ನಕ್ಕೆ ನೀರಿಡಲು ಪಾತ್ರೆಯೊಳಗೆ ಬೆರಳಿಟ್ಟು ಅಳತೆ ನೋಡುವಂತಾಗಿದ್ದಳು. ಟಿವಿಯ ಮುಂದೆ ಮಾತ್ರ ಅದೇ ಓರೆ ಮುಖ, ಅದೇ ನೀಲಿ ಕೆನ್ನೆ. ಬರಲಿರುವ ಆಟದ ಒಂದು ತುಣುಕನ್ನೇ ಹಾಕಿಕೊಂಡು, ಅಲೆ ಹೇಗಿದೆ, ಯಾವ ದ್ವೀಪದಲ್ಲಿ ಯಾರಿದ್ದಾರೆ ಎಂದು ನನಗೆ ವಿವರಿಸುವಳು. ನಾನು ತೂಕಡಿಸುತ್ತ ಹೂಂಗುಟ್ಟುವೆನು.

ಒಂದು ಸಂಜೆ ನನಗೆ ಸಾಕಾಗಿಹೋಯಿತು. ಬುಕಿಂಗ್ ರದ್ದು ಮಾಡಿಸಿ ಬರುತ್ತೇನೆ, ಫಯಾಜ್ ಹಣ ವಾಪಸು ಕೊಡುತ್ತಾನೆ ಎಂದೆ.

ಅವಳು ಟಿವಿ ಆರಿಸಿದಳು. "ಕಣ್ಣು ಹೋಗೋಕೆ ಡಾಕ್ಟರು ನಂಗೊಂದು ದಿನ ಹೇಳಿದಾರೆ ರೀ. ಮುಂದೆ ಕಾಯೋಕೆ ಅದೊಂದೇ ಇದ್ರೆ ನಾನು ಹೇಗಿರ್ಲಿ? ಇನ್ನೊಂದು ದಿನಾನೂ ಇರ್ಲಿ. ಮುಂದೆ ಹೋದ್ರೂ ಪರವಾಗಿಲ್ಲ."

ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಆಟ ಬಂದಾಗ ಅವಳಿಗೆ ಕಿಟಕಿ ಎಲ್ಲಿದೆ ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಕೆಂಪೂ ಉಳಿದಿರಲಿಲ್ಲ. ಆಟದ ರಿಮೋಟನ್ನು ನನ್ನ ಕೈಗಿತ್ತು, ಪಕ್ಕದಲ್ಲಿ ಕಾಲು ಮಡಚಿ ಕೂತಳು. ದಿನವೂ ಕೆಲಸ ಮುಗಿಸಿ ಬಂದು ಊರಿನ ರಸ್ತೆ ಬಿಟ್ಟು ಕಡಲಿಗಿಳಿಯುತ್ತಿದ್ದೆ.

ಆಟ ಕೆಟ್ಟದಾಗಿತ್ತು. ಕಾದು ಕಾದು ಪಡೆದದ್ದು ಅರೆಬೆಂದ ಸರಕು. ಕಡಲು ಹೊಸದಾಗಿ ಡಾಂಬರು ಹಾಕಿದ ರಸ್ತೆಯಂತೆ ಚಪ್ಪಟೆ. ದೋಣಿ ಬಂಡೆಯೊಳಗೆ ನುಗ್ಗಿ ಆಚೆ ಹೊರಬರುತ್ತಿತ್ತು. ಜನರಿಗೆ ಕಣ್ಣು ಮೂಗು ಇರಲಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು? ಅವಳು ಆ ತುಣುಕು ನೋಡಿ ನನಗೆ ವಿವರಿಸಿದ್ದನ್ನೆಲ್ಲ ನೆನಪು ಮಾಡಿಕೊಂಡು ಅವಳಿಗೇ ಹೇಳತೊಡಗಿದೆ. ಅಲೆ ಏಳುತ್ತಿದೆ ಎಂದೆ. ದಡದಲ್ಲಿ ಮುದುಕಿಯೊಬ್ಬಳು ನಗುತ್ತಿದ್ದಾಳೆ ಎಂದೆ. ಬಸ್ಸು ಓಡಿಸುವುದಕ್ಕಿಂತ ಹೆಚ್ಚಿನ ಆಯಾಸ ಅದರಲ್ಲಿತ್ತು.

ಹೀಗೆ ಕೆಲವು ವಾರ ನಡೆಯಿತು. ಒಂದು ದಿನ ಅವಳು ನನ್ನ ಮೊಣಕೈ ಮುಟ್ಟಿದಳು.

"ಅಲೆ ಏಳ್ತಿದೆ ಅಂತೀರಿ. ನಂಗೆ ಒಂದು ಅಲೆ ಸದ್ದೂ ಕೇಳಿಲ್ಲ. ಇರೋದನ್ನ ಹೇಳಿ."

"ಅಂಬಿಗ ಸೊಂಟದವರೆಗೂ ಹಲಗೆಯೊಳಗೆ ಹೂತುಹೋಗಿದಾನೆ," ಎಂದೆ. "ಕೆಂಪು ಹಾಯಿ ತಲೆಕೆಳಗಾಗಿ ನೇತಾಡ್ತಿದೆ. ಮುದುಕಿಗೆ ಮುಖ ಇಲ್ಲ, ಬರೀ ಹಲ್ಲಿದೆ."

ಇಂದುಮತಿ ನಕ್ಕಳು. ಡಾಕ್ಟರ ಮಾತು ಕೇಳಿ ಬಂದಂದಿನಿಂದ ಅವಳು ಹಾಗೆ ನಕ್ಕಿರಲಿಲ್ಲ. ಇಷ್ಟು ದಿನ ಇದನ್ನೆಲ್ಲ ಒಬ್ಬರೇ ನೋಡಿಕೊಂಡು ಕೂತಿದ್ದಿರಾ ಎಂದು ಬೈದಳು. ಅಂದಿನಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಮ್ಮ ಓಣಿ, ಅವಳ ಸೀರೆಯ ಬಣ್ಣ, ನನ್ನ ನರೆತ ಮೀಸೆ, ಎಲ್ಲವನ್ನೂ.

ತಿಂಗಳುಗಳು ಕಳೆದ ಮೇಲೆ ಆಟ ಮಾಡಿದವರು ಒಂದೊಂದೇ ತಪ್ಪು ತಿದ್ದಿದರು. ಕಡಲಿಗೆ ಕೊನೆಗೂ ಅಲೆಯ ಸದ್ದು ಬಂತು. ಆಮೇಲಿನ ಒಂದು ಭಾನುವಾರದ ಮಧ್ಯಾಹ್ನ ನಾನು ಆಡುತ್ತಲೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ರಿಮೋಟ್ ಅವಳ ಕೈಯಲ್ಲಿತ್ತು. ದ್ವೀಪಗಳೆಲ್ಲ ಹಿಂದೆ ಉಳಿದಿದ್ದವು.

"ಎಲ್ಲಿದ್ದೀವಿ ರೀ?" ಎಂದು ಕೇಳಿದಳು.

"ನಡು ಕಡಲಲ್ಲಿ. ಸುತ್ತ ಎಲ್ಲೂ ದಡ ಕಾಣಲ್ಲ."

"ಆಯ್ತು, ನೀವು ಮಲಗಿ," ಎಂದು ಅವಳು ಹೆಬ್ಬೆರಳನ್ನು ಮುಂದಕ್ಕೊತ್ತಿದಳು. ದೋಣಿ ಅಲೆಯೊಂದನ್ನು ಹತ್ತಿ, ನಿಧಾನವಾಗಿ ಆಚೆಗೆ ಇಳಿಯಿತು.