ಹಾರುವ ಮೊದಲೇ ಸತ್ಕಾರ

ಆ ಮಳೆಗಾಲದಲ್ಲಿ ನಮ್ಮ ಮನೆತನದವರೆಲ್ಲ ಹವಾಮಾನ ತಜ್ಞರಾದರು. ನನ್ನ ತಮ್ಮನ ಮಗ ಬಾಳಕೃಷ್ಣ ಖಾನಾಪುರದ ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಲೇ ಅರಬ್ಬಿ ಸಮುದ್ರದ ಒತ್ತಡದ ಬಗ್ಗೆ ಗಿರಾಕಿಗಳಿಗೆ ತಿಳಿಸಿ ಹೇಳತೊಡಗಿದ. ಅವನ ಹೆಂಡತಿ ಮುಕ್ತಾ ಮೊಬೈಲಿನಲ್ಲಿ ಹವಾಮಾನ ಹೇಳುವ ನಾಲ್ಕಾರು ಆ್ಯಪ್ ಇಟ್ಟುಕೊಂಡು, ಯಾವುದು ಬಿಸಿಲು ತೋರಿಸುತ್ತದೋ ಅದನ್ನಷ್ಟೇ ನಂಬುತ್ತಿದ್ದಳು.

ಇದಕ್ಕೆಲ್ಲ ಕಾರಣ ಅವರ ಮಗಳು ಪ್ರಾಜಕ್ತಾ. ಸಾಂಬ್ರಾ ವಿಮಾನ ನಿಲ್ದಾಣದ ಹತ್ತಿರ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಳು. ಇರುವುದು ಬೆಳಗಾವಿಯ ಮಹಾಂತೇಶ ನಗರದ ನನ್ನ ಮನೆಯಲ್ಲಿ. ಅಲ್ಲಿಯವರೆಗೆ ಪ್ರತಿ ಸಲವೂ ಪಕ್ಕದಲ್ಲಿ ಕಲಿಸುವವರು ಕುಳಿತಿರುತ್ತಿದ್ದರು. ಇನ್ನು ಒಂದು ಸಲ ಅವರು ಇಳಿದು ಹೋಗಬೇಕು, ಇವಳೊಬ್ಬಳೇ ಏರಿ, ಒಂದು ಸುತ್ತು ಹಾಕಿ, ಇಳಿಯಬೇಕು. ಅದಕ್ಕೆ ಸೋಲೋ ಅನ್ನುತ್ತಾರೆ. ಹೆಚ್ಚೆಂದರೆ ಚಹಾ ಕುದಿಯುವಷ್ಟು ಹೊತ್ತಿನ ಕೆಲಸ. ಆದರೆ ಮೋಡ ಮೇಲಿರಬೇಕು, ದೂರ ಕಾಣಬೇಕು, ಗಾಳಿ ಅಡ್ಡ ಬೀಸಬಾರದು. ಬೆಳಗಾವಿಯ ಆಷಾಢದಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು, ಬೀಗರು ಮೂವರು ಒಂದೇ ಮಾತಿಗೆ ಒಪ್ಪಿದಷ್ಟು ಅಪರೂಪ.

ಹುಡುಗಿ ನಸುಕಿನಲ್ಲಿ ಎದ್ದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅದರ ಮೇಲೆ ರೇನ್‌ಕೋಟ್ ಹಾಕಿಕೊಂಡು ಸ್ಕೂಟಿಯಲ್ಲಿ ಹೋಗುತ್ತಿದ್ದಳು. ಅಲ್ಲಿ ಕಿಟಕಿಯ ಹತ್ತಿರ ಕುಳಿತು ಮಳೆ ನೋಡುತ್ತಿದ್ದಳು. ಮಧ್ಯಾಹ್ನ ಮರಳಿ ಬರುತ್ತಿದ್ದಳು. ಗೇಟಿನ ಹತ್ತಿರ ನೆರೆಮನೆಯ ತವನಪ್ಪನವರು ಕಾದಿರುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ದಿನಕ್ಕೊಂದು ವಿಷಯ ಬೇಕಾಗಿತ್ತು, ಇವಳು ಸಿಕ್ಕಿದ್ದಳು.

"ಏನವಾ ಕ್ಯಾಪ್ಟನ್, ವಿಮಾನ ಎದ್ದಿತ್ತೋ, ಇನ್ನೂ ಮಲಗೇತೋ?"

"ಮಲಗೇತ್ರಿ ಕಾಕಾ. ಚಾದರ ಹೊಚಗೊಂಡು ಮಲಗೇತಿ."

"ನೀ ಪಾಯ್ಲಟ್ ಆಗೂದರಾಗ ನಾ ಮ್ಯಾಲ ಹೋಗಿರ್ತೇನಿ ನೋಡ. ಅಲ್ಲೇ ಭೇಟಿ ಆಗೂಣು."

ಹೀಗೆ ಚುಚ್ಚುವ ಮನುಷ್ಯನೇ, ಅವಳು ಮರೆತು ಒಳಗೆ ಬಂದರೆ, ಸದ್ದಿಲ್ಲದೆ ಹೋಗಿ ಸ್ಕೂಟಿಯ ಸೀಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಬರುತ್ತಿದ್ದರು. ಕೇಳಿದರೆ, "ಗಾಳಿಗೆ ಹಾರಿ ಬಂದು ಕುಂತಿರಬೇಕ್ರಿ" ಅನ್ನುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಬಾಳಕೃಷ್ಣನ ಫೋನು ಬಂತು.

"ಆತ್ಯಾ, ಬರೂ ಐತ್ವಾರ ಪ್ರಾಜೂನ ಸತ್ಕಾರ ಇಟ್ಟೇವಿ. ನೀವು ಬರಾಕಬೇಕು."

"ಯಾತರ ಸತ್ಕಾರೋ?"

"ಸೋಲೋ ಹಾರಿದ್ದಕ್ಕ."

"ಇನ್ನೂ ಹಾರಿಲ್ಲಲ್ಲೋ ಬಾಳ್ಯಾ."

"ಅಷ್ಟರಾಗ ಹಾರ್ತಾಳ್ರಿ. ಮುಂದ ಶ್ರಾವಣ ಬಂತಂದ್ರ ಹಾಲ್ ಸಿಗಂಗಿಲ್ಲ. ಅಜಿಂಕ್ಯ ದಾದಾನೂ ಅವತ್ತ ಖಾಲಿ ಅದಾನ."

ಅಜಿಂಕ್ಯ ದಾದಾ ವರ್ಷವಿಡೀ ಖಾಲಿಯೇ ಇರುವ ತರುಣ ಮುಂದಾಳು. ಆದರೂ ತನ್ನ ಖಾಲಿ ದಿನಗಳನ್ನು ಪ್ರಸಾದ ಹಂಚಿದ ಹಾಗೆ ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದ. ಚುನಾವಣೆ ಯಾವುದೆಂದು ಗೊತ್ತಿಲ್ಲ, ನಿಲ್ಲುವುದಂತೂ ಖಂಡಿತ.

ನಮ್ಮ ಭಾಗದಲ್ಲಿ ಸತ್ಕಾರಕ್ಕೆ ಕಾರಣ ಸಿಗುವುದು ಕಷ್ಟವಲ್ಲ, ಹಾಲ್ ಸಿಗುವುದೇ ಕಷ್ಟ. ಹತ್ತನೆಯ ತರಗತಿ ಪಾಸಾದವರಿಗೆ, ಹೊಸ ಟ್ರ್ಯಾಕ್ಟರ್ ತಂದವರಿಗೆ, ಕಾಶಿಗೆ ಹೋಗಿ ಆರಾಮಾಗಿ ಮರಳಿದವರಿಗೆ, ಎಲ್ಲರಿಗೂ ಶಾಲು, ತೆಂಗಿನಕಾಯಿ, ಕೇಸರಿ ಪೇಟಾ. ಹಿಂದಿನ ವರ್ಷ ಒಬ್ಬರಿಗೆ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಕ್ಕೂ ಆಯಿತು. ಆದರೆ ಅವರ ಪೊರೆಯನ್ನು ಮೊದಲು ತೆಗೆದಿದ್ದರು, ಆಮೇಲೆ ಶಾಲು ಹೊದಿಸಿದ್ದರು. ಅಷ್ಟು ಕ್ರಮವಿತ್ತು.

ಮರುದಿನ ಬ್ಯಾನರಿನ ಚಿತ್ರ ಮೊಬೈಲಿಗೆ ಬಂತು. 'ಏಕಾಂಗಿಯಾಗಿ ಗಗನ ಗೆದ್ದ ಖಾನಾಪುರದ ಹೆಮ್ಮೆಯ ಕನ್ಯೆ' ಎಂದು ಕನ್ನಡದಲ್ಲಿ ಒಂದು ಸಲ, ಮರಾಠಿಯಲ್ಲಿ ಒಂದು ಸಲ. ಪ್ರಾಜಕ್ತಾ ಕಲಿಯುತ್ತಿದ್ದದ್ದು ಇಬ್ಬರು ಮೂವರು ಕೂಡುವ ಸಣ್ಣ ವಿಮಾನ. ಬ್ಯಾನರಿನಲ್ಲಿ ಮುನ್ನೂರು ಜನರನ್ನು ಹೊರುವ ವಿಮಾನ. ಅದರ ಬಾಲದ ಹತ್ತಿರ ಇವಳ ಮುಖ, ಹುಣಸೆ ಬೀಜದಷ್ಟು. ವಿಮಾನಕ್ಕಿಂತ ದೊಡ್ಡದಾಗಿ ಕೈಮುಗಿದು ನಿಂತವನು ಅಜಿಂಕ್ಯ ದಾದಾ.

ಪ್ರಾಜಕ್ತಾ ಅದನ್ನು ನೋಡಿ ಮೊಬೈಲನ್ನು ಬೋರಲು ಇಟ್ಟಳು. ತಟ್ಟೆಯಲ್ಲಿನ ಅವಲಕ್ಕಿ ಹಾಗೇ ಉಳಿಯಿತು.

"ಅಜ್ಜಿ, ಶನಿವಾರದ ತನಕ ಮೋಡ ಹರೀಲಿಲ್ಲಂದ್ರ?"

"ಹಾರಿಲ್ಲ ಅಂತ ಹೇಳಿದರಾತು."

"ಹಂಗ ಹೇಳಿದ್ರ ಪಪ್ಪಾ ಅಂಗಡಿ ಬಾಗಲಾ ಹೆಂಗ ತಗೀತಾರ? ಊರ ಮಂದಿಗೆಲ್ಲಾ ಹೇಳ್ಯಾರ. ಸುಮ್ಮನ ಶಾಲ್ ಹೊಚಗೊಂಡ ಕುಂತ್ರ ನಾ ಸುಳ್ಳಿ ಆಗ್ತೀನಿ. ಹಾರಾಕಬೇಕು ಅಜ್ಜಿ, ಹೆಂಗರೆ ಮಾಡಿ."

ಆ 'ಹೆಂಗರೆ ಮಾಡಿ' ಅನ್ನುವ ಮಾತು ನನಗೆ ಹಿಡಿಸಲಿಲ್ಲ. ರೊಟ್ಟಿ ಬಡಿಯುವುದನ್ನು ಹೇಗಾದರೂ ಮಾಡಬಹುದು.

ವಾರವಿಡೀ ಮಳೆ ಸುರಿಯಿತು. ಬಾಳಕೃಷ್ಣ ದಿನಾ ಫೋನು ಮಾಡಿ ಮಳೆ ನಿಂತಿತೇ ಎಂದು ಕೇಳುತ್ತಿದ್ದ, ನಾನೇ ಹಿಡಿದಿಟ್ಟುಕೊಂಡಿದ್ದೇನೋ ಅನ್ನುವ ಹಾಗೆ. ಗುರುವಾರ ಭಟ್ಟರನ್ನು ಕೇಳಿ ಮುಹೂರ್ತವನ್ನೂ ತೆಗೆಸಿದ. "ಶನಿವಾರ ಮುಂಜಾನೆ ಛಲೋ ಐತಂತ. ಅವರ ಸರ್‌ಗೆ ಹೇಳ್ರಿ ಆತ್ಯಾ, ರಾಹುಕಾಲ ಹತ್ತೂದರಾಗ ಬಿಟ್ಟ ಬಿಡ್ಲಿ ಅಂತ."

ಅವರ ಸರ್ ಅಂದರೆ ವಿನೀತ. ಚಿಕ್ಕ ವಯಸ್ಸು, ಕಡಿಮೆ ಮಾತು. ರಾಹುವಿನ ವಿಷಯ ನಾನು ಅವರಿಗೆ ಮುಟ್ಟಿಸಲಿಲ್ಲ. ಅವರು ಪ್ರಾಜಕ್ತಾಳಿಗೆ ಹೇಳಿಟ್ಟಿದ್ದು ಒಂದೇ ಮಾತು: "ಒಬ್ಬಾಕಿನ ಕುಂತಾಗ ಒಂದೀಟ ಬ್ಯಾಡ ಅನಿಸಿದ್ರೂ ಇಂಜಿನ್ ಬಂದ್ ಮಾಡಿ ಇಳದ ಬಾ. ಯಾಕ ಅಂತ ನಾ ಕೇಳಂಗಿಲ್ಲ."

ಭಟ್ಟರ ಅದೃಷ್ಟಕ್ಕೆ ಶನಿವಾರ ಬೆಳಿಗ್ಗೆ ಮೋಡ ಹರಿಯಿತು. ಖಾನಾಪುರದಿಂದ ಎರಡು ಕಾರು ಬಂದವು. ಮುಕ್ತಾ ಹೊಸ ಶಹಾಪುರ ಸೀರೆ ಉಟ್ಟು, ಆರತಿ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಪೇಢೆಯ ಪೆಟ್ಟಿಗೆಗಳು ಬೇರೆ. ಸಾಂಬ್ರಾದಲ್ಲಿ ಬೇಲಿಯ ಹೊರಗೆ ರಸ್ತೆಯ ಬದಿಗೆ ನಾವೆಲ್ಲ ಸಾಲಾಗಿ ನಿಂತೆವು, ವರನ ದಿಬ್ಬಣ ಕಾಯುವವರ ಹಾಗೆ. ಕಾವಲುಗಾರ ಮೊದಲು ನಮ್ಮನ್ನು ಹಿಂದೆ ಸರಿಸಿದ. ಆಮೇಲೆ ನನ್ನ ಮೊಣಕಾಲು ನೋಡಿದನೋ ಏನೋ, ತಾನು ಕೂಡುವ ಪ್ಲಾಸ್ಟಿಕ್ ಕುರ್ಚಿಯನ್ನೇ ತಂದು ಹಾಕಿ, "ಕುಂದರ್ರಿ ಆಯಿ" ಎಂದು ಹೇಳಿ ತಾನು ನಿಂತ.

ಪುಟ್ಟ ಬಿಳಿ ವಿಮಾನ ಎದ್ದು, ಸುತ್ತು ಹಾಕಿ ಇಳಿಯಿತು. ನಿಂತಿತು. ಬಾಗಿಲು ತೆರೆದು ವಿನೀತ ಇಳಿದರು, ಬಾಗಿಲು ಮುಚ್ಚಿ ದೂರ ಸರಿದರು. ಈಗ ಒಳಗೆ ನಮ್ಮ ಹುಡುಗಿ ಒಬ್ಬಳೇ.

"ಬಿಟ್ರು! ಬಿಟ್ರು!" ಎಂದು ಬಾಳಕೃಷ್ಣ ಮೊಬೈಲ್ ಎತ್ತಿ ವಿಡಿಯೋ ಶುರು ಮಾಡಿದ. ಮುಕ್ತಾ ಕರ್ಪೂರಕ್ಕೆ ಕಡ್ಡಿ ಗೀರಿದಳು, ಗಾಳಿಗೆ ಆರಿತು.

ವಿಮಾನದ ಮೂಗಿನ ಪಂಖಾ ತಿರುಗುತ್ತಲೇ ಇತ್ತು. ವಿಮಾನ ಮಾತ್ರ ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪಂಖಾ ನಿಧಾನವಾಗಿ, ಅದರ ಎಲೆಗಳು ಬೇರೆ ಬೇರೆಯಾಗಿ ಕಾಣತೊಡಗಿ, ನಿಂತೇ ಬಿಟ್ಟಿತು. ಪ್ರಾಜಕ್ತಾ ಇಳಿದು ಬಂದಳು. ವಿನೀತ ಅವಳನ್ನು ಏನೂ ಕೇಳಲಿಲ್ಲ. ತಾವು ಕುಡಿಯಲೆಂದು ತರಿಸಿದ್ದ ಚಹಾದ ಕಪ್ಪನ್ನು ಅವಳ ಕೈಗೆ ಕೊಟ್ಟರು. ಅದು ನನಗೆ ಅಷ್ಟು ದೂರದಿಂದಲೂ ಕಂಡಿತು.

ಹೊರಗೆ ಬಂದವಳ ಮೇಲೆ ಬಾಳಕೃಷ್ಣ ಎರಗಿದ.

"ಯಾಕ ಇಳದಿ?"

"ಜಾಂಬೋಟಿ ಗುಡ್ಡದ ಕಡೆ ಮೋಡ ಕರ್ರಗ ಆಗಿತ್ತು ಪಪ್ಪಾ. ಈ ಕಡೆ ಸರದ್ರ ನಾ ಮ್ಯಾಲಿದ್ದಾಗ ಬಂದ ಬಿಡತದ ಅನಿಸ್ತು."

"ಜಾಂಬೋಟಿ ಯಾವಾಗ ಕರ್ರಗ ಇರಂಗಿಲ್ಲ? ಹುಟ್ಟಿದಾಗಿಂದ ಕರ್ರಗ ಐತಿ ಅದು! ಇಲ್ಲಿ ನೋಡ, ಬಿಸಲ ಬಿದ್ದೈತಿ."

ಖರೇ ಹೇಳಬೇಕೆಂದರೆ ಬಿಸಿಲು ಬಿದ್ದಿತ್ತು. ಅಷ್ಟೇ ಅಲ್ಲ, ಆ ಮೋಡ ಸಾಂಬ್ರಾಕ್ಕೆ ಬರಲೇ ಇಲ್ಲ. ಬೇರೆಲ್ಲೋ ಹೋಯಿತು. ನಾವು ಗಾಡಿ ಹತ್ತುವಾಗ ಇನ್ನೊಬ್ಬ ಹುಡುಗ ಅದೇ ವಿಮಾನದಲ್ಲಿ ಆರಾಮಾಗಿ ಸುತ್ತು ಹಾಕುತ್ತಿದ್ದ. ಬಾಳಕೃಷ್ಣ ಅದರ ವಿಡಿಯೋ ಮಾಡಿಕೊಂಡ. ಅಷ್ಟು ದೂರದಿಂದ ತೆಗೆದದ್ದರಲ್ಲಿ ಒಳಗೆ ಕುಳಿತವರು ಯಾರೆಂದು ಯಾರಿಗೂ ಕಾಣುವುದಿಲ್ಲ. ಯಾಕೆಂದು ನಾನು ಕೇಳಲಿಲ್ಲ, ನನಗೆ ತಿಳಿಯಿತು. ಪ್ರಾಜಕ್ತಾಳಿಗೂ ತಿಳಿಯಿತು.

ಸಂಜೆಯಿಂದ ಮತ್ತೆ ಮಳೆ.

ಭಾನುವಾರ ಖಾನಾಪುರದ ಹಾಲ್ ತುಂಬಿತ್ತು. ಮಳೆಯಲ್ಲಿ ಹೋಗಲು ಬೇರೆ ಜಾಗವಿರಲಿಲ್ಲ, ಊಟವೂ ಇತ್ತು. ಬ್ಯಾನರ್ ತೊಯ್ದು ಒಂದು ಕಡೆ ಜೋತು, ದೊಡ್ಡ ವಿಮಾನ ನೆಲಕ್ಕೆ ಮೂಗು ಹಚ್ಚಿತ್ತು. ಪ್ರಾಜಕ್ತಾಳಿಗೆ ಪೇಟಾ ಸುತ್ತಿದರು, ಅದು ಕಣ್ಣಿನ ಮೇಲೆ ಜಾರಿತು. ಶಾಲು ಹೊದಿಸಿದರು. ಫೋಟೋದವನಿಗೆ ಸರಿಯಾಗಿ ಬರಲಿಲ್ಲವೆಂದು ತೆಗೆದು ಮತ್ತೊಮ್ಮೆ ಹೊದಿಸಿದರು.

ಅಜಿಂಕ್ಯ ದಾದಾ ಮೈಕು ಹಿಡಿದ. "ಹೊರಗ ನೋಡ್ರಿ ಎಂಥಾ ಮಳಿ! ಇಂಥಾ ಮಳ್ಯಾಗ ನಾವು ಅಂಗಳಕ್ಕ ಹೋಗಾಕ ಹೆದರ್ತೀವಿ. ಈ ನಮ್ಮ ತಂಗಿ ಗುಡುಗು ಸಿಡಿಲಿನ್ಯಾಗ ಒಬ್ಬಾಕಿನ ವಿಮಾನ ಹಾರಿಸ್ಯಾಳ!" ಚಪ್ಪಾಳೆ. ಅಲ್ಲಿಂದ ಅವನು ತನ್ನ ಬಾಲ್ಯ, ತನ್ನ ತ್ಯಾಗ, ಖಾನಾಪುರದ ರಸ್ತೆಗಳ ಕಡೆಗೆ ಹೋಗಿ, ಬಹಳ ಹೊತ್ತಿನ ಮೇಲೆ ಇಳಿದ.

ಪ್ರಾಜಕ್ತಾಳಿಗೆ ಎರಡು ಮಾತು ಹೇಳಲು ಹೇಳಿದರು. ಅವಳು ಪೇಟಾ ತೆಗೆದು ಮೇಜಿನ ಮೇಲೆ ಇಟ್ಟಳು. ಮುಂದಿನ ಸಾಲಿನಲ್ಲಿ ಬಾಳಕೃಷ್ಣ ತನ್ನ ಅಂಗಿಯ ಗುಂಡಿ ನೋಡಿಕೊಳ್ಳುತ್ತಿದ್ದ.

"ದಾದಾ ಹೇಳಿದ್ದು ತಪ್ಪೈತ್ರಿ. ನಾ ಇನ್ನೂ ಒಬ್ಬಾಕಿನ ಹಾರಿಲ್ಲ. ನಿನ್ನೆ ಹಾರಾಕ ಬಿಟ್ಟಿದ್ರು. ನನಗ ಧೈರ್ಯ ಬರಲಿಲ್ಲ, ಇಳದ ಬಂದೆ. ಈ ಶಾಲ್ ನಂದಲ್ಲ."

ಹಿಂದೆ ಊಟದ ಕೋಣೆಯಲ್ಲಿ ಯಾರೋ ಬುಂದೆಯ ಡಬರಿ ಎಳೆದ ಸದ್ದು ಮಾತ್ರ ಕೇಳಿತು. ಅಜಿಂಕ್ಯ ದಾದಾ ಕ್ಷಣವೂ ತಡಮಾಡಲಿಲ್ಲ. ಮೈಕು ತೆಗೆದುಕೊಂಡು, "ಕೇಳಿದ್ರ್ಯಾ? ಎಷ್ಟು ನಮ್ರತಾ! ಇಷ್ಟು ಮ್ಯಾಲ ಹಾರಿದ್ರೂ ಹಾರೇ ಇಲ್ಲ ಅಂತಾಳ. ಇದಕ್ಕ ಅಂತಾರ ಸಂಸ್ಕಾರ!" ಎಂದ.

ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ಹುಡುಗಿ, "ಹಂಗಲ್ರಿ, ಖರೇನ..." ಎಂದು ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ವಂದನಾರ್ಪಣೆ ಶುರುವಾಗಿತ್ತು, ಜನ ಊಟಕ್ಕೆ ಎದ್ದಿದ್ದರು. ಮದುವೆಯಾಗದ ಗಂಡುಮಕ್ಕಳಿದ್ದ ಇಬ್ಬರು ಹೆಂಗಸರು ನನ್ನ ಹತ್ತಿರ ಬಂದು, ಹುಡುಗಿ ಬಹಳ ವಿನಯವಂತೆ ಎಂದು ಹೊಗಳಿ ಕುಂಡಲಿ ಕೇಳಿದರು.

ಮರಳುವಾಗ ಬಾಳಕೃಷ್ಣನೇ ನಮ್ಮನ್ನು ಬೆಳಗಾವಿಗೆ ಬಿಡಲು ಕಾರು ತೆಗೆದ. ಊರು ದಾಟುತ್ತಿದ್ದಂತೆ ಮಳೆ ಎಷ್ಟು ಜೋರಾಯಿತೆಂದರೆ ಗಾಜಿನ ಮುಂದೆ ಯಾರೋ ಕೊಡ ಸುರಿಯುತ್ತಿದ್ದ ಹಾಗೆ. ಒಳಗೆ ಗಾಜಿಗೆ ಹಬೆ ಕಟ್ಟಿತು. ಅವನು ಕೈಗೆ ಸಿಕ್ಕ ಬಟ್ಟೆಯಿಂದ ಒರೆಸಿದ. ನೋಡಿದರೆ ಅದು ಸತ್ಕಾರದ ಶಾಲು. ಅದರಿಂದಲೂ ಕಾಣಲಿಲ್ಲ. ಆ ಶಾಲುಗಳು ನೀರು ಹೀರುವುದೇ ಇಲ್ಲ. ಕೊನೆಗೆ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ.

"ಯಾಕೋ ಬಾಳ್ಯಾ?" ಎಂದೆ.

"ಏನೂ ಕಾಣಸವಲ್ದು ಆತ್ಯಾ. ಹೆಂಗ ಹೋಗಬೇಕು? ಜೀವ ಏನ್ ಹೆಚ್ಚಾಗೇತೇನು?"

ಹೇಳಿದ ಮೇಲೆ ತನ್ನ ಮಾತು ಅವನಿಗೇ ಕೇಳಿಸಿತು. ಕೈಯಲ್ಲಿದ್ದ ಶಾಲನ್ನು ಮಡಚಿ ಇಟ್ಟ. ಆಮೇಲೆ ಹಿಂದೆ ತಿರುಗದೆ ಕೇಳಿದ:

"ನಿನ್ನೆ ಹಿಂಗ ಕಂಡಿತ್ತೇನು ಪ್ರಾಜೂ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅನ್ನಲಿಲ್ಲ.

"ಇಲ್ಲ ಪಪ್ಪಾ. ಇದಕ್ಕಿಂತ ಭಾಳ ಛಲೋ ಇತ್ತು. ಹೋಗಿದ್ರ ಹೋಗಬಹುದಾಗಿತ್ತೇನೋ."

"ಮತ್ತ?"

"ನೀವು ಗಾಡಿ ರಸ್ತಾದ ಬಾಜುಕ ನಿಂದರಿಸಿದ್ರಲ್ಲ. ಮ್ಯಾಲ ಹಂಗ ನಿಂದರಸಾಕ ಬಾಜು ಇರಂಗಿಲ್ಲ."

ಬಾಳಕೃಷ್ಣ ಗಾಡಿಯ ಎಂಜಿನ್ ಆರಿಸಿದ. ಮಳೆ ಕಡಿಮೆಯಾಗುವ ತನಕ ನಾವು ಮೂವರೂ ಅಲ್ಲೇ ಕುಳಿತೆವು. ಹಿಂದಿನಿಂದ ಬಂದ ಲಾರಿಯವನೊಬ್ಬ ನಿಲ್ಲಿಸಿ, ಕಿಟಕಿ ಇಳಿಸಿ, "ಏನರ ಬೇಕಾಗೇತೇನ್ರಿ?" ಎಂದು ಕೇಳಿ, ತೊಯಿಸಿಕೊಂಡು, ಮುಂದೆ ಹೋದ.

ಮುಂದಿನ ವಾರ ಒಂದು ದಿನ, ಮುಹೂರ್ತ ಯಾವುದೆಂದು ಯಾರೂ ನೋಡದ ಹೊತ್ತಿನಲ್ಲಿ, ಪ್ರಾಜಕ್ತಾ ಹಾರಿದಳು. ಬೇಲಿಯ ಹೊರಗೆ ಯಾರೂ ಇರಲಿಲ್ಲ. ಒಳಗೆ ವಿನೀತ ಇದ್ದರು. ಏರಿದಳು, ಸುತ್ತಿದಳು, ಇಳಿದಳು. ಅಪ್ಪನಿಗೆ ಫೋನು ಮಾಡಿ, "ಪಪ್ಪಾ, ಹಾರಿದೆ" ಅಂದಳಂತೆ. ಆ ಕಡೆ ಅವನು ಗಾಬರಿಯಾಗಿ, "ಇಳದ್ಯೋ ಇಲ್ಲೋ ಹೇಳ ಮೊದಲ!" ಎಂದು ಕೂಗಿದನಂತೆ.

ಆಮೇಲೆ ಬಾಳಕೃಷ್ಣ ಅಂಗಡಿಯಿಂದ ಹೊರಗೆ ಓಡಿ, ಬಜಾರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ: ನನ್ನ ಮಗಳು ಒಬ್ಬಳೇ ವಿಮಾನ ಹಾರಿಸಿದಳು, ಈಗ, ಇವತ್ತು, ಖರೇನ. ಎದುರಿನ ಸಿಮೆಂಟಿನ ಅಂಗಡಿಯ ಸಾತಪ್ಪ ತಲೆ ಎತ್ತಿ ನೋಡಿ ಹೇಳಿದ:

"ಅದ ಹ್ವಾದ ಐತ್ವಾರನ ಆತಲ್ಲೋ ಮಾರಾಯಾ. ಪೇಢೆ ತಿಂದೇವಲ್ಲ. ಎಷ್ಟ ಸರ್ತಿ ಹೇಳ್ತಿ ಅದನ್ನ?"