ಬಾರದವನ ತಟ್ಟೆ

ಟ್ರಾಮಿನ ಕಿಟಕಿಗೆ ಯಾರದೋ ಉಸಿರು ಅಂಟಿಕೊಂಡಿದೆ, ಅಂಚಿನಿಂದ ಕರಗುತ್ತ ಸಣ್ಣದಾಗುತ್ತಿದೆ, ಬೋಗ್ನಾ ನೋಡುತ್ತಿದ್ದಾಳೆ, ಉಗುರ ಸಂದಿಯಲ್ಲಿ ಪ್ಲಾಸ್ಟರ್ ಒಣಗಿ ಚುಚ್ಚುತ್ತಿದೆ, ಪಕ್ಕದಲ್ಲಿ ಕ್ಸಾವೇರಿ, ಅವಳು ಕುಂಚ ಬಿಟ್ಟು ಶಿಲ್ಪಕ್ಕೆ ಕೈಹಾಕಿದಾಗಿನಿಂದ ಜೊತೆಗೆ ಪ್ಲಾಸ್ಟರ್ ಕಲಸಿದವನು, ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಾನೆ, ಇಳಿದು ಹೋಗಬಾರದೇ ಇವನು — ಆ ಶಿಲ್ಪ ಒಡೆಯಬಾರದಿತ್ತು, ಒಡೆದದ್ದು ಅವಳೇ, ಗ್ಯಾಲರಿ ತುಂಬ ಜನರ ಮುಂದೆ, ನೋಡಬೇಕಾಗಿಲ್ಲ, ಒಳಗಿದೆ ಅಂತ ನಂಬುವುದೇ ಶಿಲ್ಪ ಅಂತ ಊರಿಗೆಲ್ಲ ಪಾಠ ಹೇಳಿದವಳು, ತಟ್ಟೆಯೊಂದನ್ನು ಒಳಗೆ ಹುದುಗಿಸಿದ ಆ ಬಿಳಿ ಪ್ಲಾಸ್ಟರ್ ದಿಮ್ಮಿಯನ್ನು ಕ್ರಾಕೂಫಿಗೆ, ವಾರ್ಸಾಕ್ಕೆ ಹೊತ್ತು ತಿರುಗಿದವಳು, ಆ ದಪ್ಪ ವಿಮರ್ಶಕ ವೈನ್ ಹೀರುತ್ತ, ಬೋಗ್ನಾ ಮೇಡಂ, ಒಳಗೆ ತಟ್ಟೆಯೂ ಇಲ್ಲ ಮಣ್ಣೂ ಇಲ್ಲ, ಮಾಂಸವೇ ಸಿಗದ ನಮ್ಮ ಮಾಂಸದಂಗಡಿ ಥರ, ಹೊರಗೆ ಬೋರ್ಡು, ಒಳಗೆ ಬರೀ ಕೊಕ್ಕೆ, ಅಂದ, ಎಲ್ಲರೂ ನಕ್ಕರು, ಅವಳು ಸುತ್ತಿಗೆ ಎತ್ತಿಕೊಂಡಳು, ಕ್ಸಾವೇರಿ ಓಡಿ ಬಂದು ಕೈ ಹಿಡಿದ, ಬೇಡ ಬೋಗ್ನೂಷ್ಯಾ, ನಿಯಮ ಅಂದ್ರೆ ನಿಯಮ, ಒಡೆದ್ರೆ ಅದು ಸತ್ತುಹೋಗುತ್ತೆ — ನನ್ನ ಕಲೆಯನ್ನು ನಂಬಿದವನು ಲೋಕದಲ್ಲಿ ಇವನೊಬ್ಬನೇ ಅಂದುಕೊಂಡಳು, ಅಂದುಕೊಂಡೇ ಹೊಡೆದಳು.

ತಟ್ಟೆ ಇತ್ತು, ಅಮ್ಮನ ನೀಲಿ ಅಂಚಿನ ತಟ್ಟೆ, ಕ್ರಿಸ್‌ಮಸ್ ಹಿಂದಿನ ಸಂಜೆ ಯಾರ ಮನೆಯಲ್ಲಿ ಇಡುವುದಿಲ್ಲ, ಕರೆಯದೆ ಬರುವವನಿಗೆಂದು ಒಂದು ತಟ್ಟೆ ಹೆಚ್ಚಿಗೆ, ಆ ವರ್ಷ ಅದು ಅಣ್ಣ ಲೂಬೊಮೀರನದು, ಗ್ದಿನ್ಯಾದಲ್ಲಿ ಹಡಗು ಹತ್ತಿ ಸಮುದ್ರದ ಪಾಲಾದವನದು, ಒಬ್ಬರ ಕೈಯದನ್ನು ಒಬ್ಬರು ಮುರಿದು ತಿನ್ನುವ ಒಪ್ವಾತೆಕ್, ಕಾಗದದಷ್ಟು ತೆಳುವಾದ ಹಬ್ಬದ ರೊಟ್ಟಿಯ ಬಿಳಿ ಹಾಳೆ, ಮೇಲೆ ಕುರಿಮರಿಯ ಉಬ್ಬುಚಿತ್ರ, ಅದರಲ್ಲಿ ಅಣ್ಣನ ಪಾಲು ಮುರಿದು ಕ್ಸಾವೇರಿಯ ಕೈಗೆ ಕೊಟ್ಟಳು, ತಟ್ಟೆಯಲ್ಲಿಡು, ನಾನು ಪ್ಲಾಸ್ಟರ್ ಕಲಸ್ತೀನಿ, ಬೇಗ ಗಟ್ಟಿಯಾಗಿಬಿಡುತ್ತೆ — ಬೆನ್ನು ತಿರುಗಿಸಿ ಬಕೆಟ್ಟಿಗೆ ಬಾಗಿದಳು, ತಟ್ಟೆಯ ಮೇಲೆ ಸುರಿಯುವಾಗ ಕಣ್ಣು ಮುಚ್ಚಿದ್ದಳು, ನೋಡಬಾರದೆಂಬ ನಿಯಮ ಅಲ್ಲಿಂದಲೇ ಶುರು, ಎಂಥ ಹುಚ್ಚಿ — ಪ್ಲಾಸ್ಟರ್ ಸುಳ್ಳು ಹೇಳುವುದಿಲ್ಲ, ಒಂದು ಕೂದಲು ಬಿದ್ದಿದ್ದರೂ ಗುರುತು ಹಿಡಿದಿಟ್ಟುಕೊಳ್ಳುತ್ತದೆ, ಒಪ್ವಾತೆಕ್ ಕರಗಿದ್ದರೂ ಅದರ ಅಂಚಾದರೂ ಮೂಡಿರಬೇಕು, ಒಡೆದ ತುಂಡನ್ನು ತಿರುಗಿಸಿ ಬೆರಳಾಡಿಸಿದಳು, ನುಣುಪು, ಮೊಟ್ಟೆಯ ಚಿಪ್ಪಿನ ಹಾಗೆ ನುಣುಪು, ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಬ್ರಾವೊ, ತಟ್ಟೆ ಇದೆ, ತಟ್ಟೆ ಇದೆ, ಕ್ಸಾವೇರಿ ತನ್ನ ಬೂಟು ನೋಡಿಕೊಳ್ಳುತ್ತಿದ್ದಾನೆ, ದವಡೆ ಬಿಗಿದಿದೆ.

ತಿಂದ್ಯಾ, ಕೇಳುತ್ತಾಳೆ, ಟ್ರಾಮಿನ ಕಿಟಕಿಯನ್ನೇ ನೋಡುತ್ತ, ಹೂಂ, ಅನ್ನುತ್ತಾನೆ ಅವನು, ಅವತ್ತು ಹೆಂಡ್ತಿ ನನ್ನ ಹೊರಗೆ ಹಾಕಿದ್ಲು, ಹಿಮದಲ್ಲಿ ನಡ್ಕೊಂಡು ಬಂದಿದ್ದೆ, ಕರೆಯದೆ ಬಂದವನು ನಾನೇ ಅಲ್ವಾ ಬೋಗ್ನಾ, ಆ ತಟ್ಟೆ ನನಗೆ ಸೇರ್ಬೇಕಿತ್ತು, ನೀನು ಬಕೆಟ್ ಹಿಡಿ ಅಂದೆ — ನಿಜ, ಬಾಗಿಲಲ್ಲಿ ಅವನನ್ನು ಕಂಡಾಗ ಅಬ್ಬಾ ಕೆಲಸಕ್ಕೆ ಜನ ಸಿಕ್ಕಿತು ಅಂದುಕೊಂಡಿದ್ದು ನಿಜ, ನಿಜವಾದರೇನು, ಊರೂರಲ್ಲಿ ದಿಮ್ಮಿಗೆ ಕೆನ್ನೆಯಿಟ್ಟು ಅಣ್ಣಾ ಅಂದಾಗ ಇವನು ಪಕ್ಕದಲ್ಲೇ ಇದ್ದನಲ್ಲ, ಟೋಪಿ ತೆಗೆದು ನಿಂತಿದ್ದನಲ್ಲ, ಆ ಸಂಜೆ ಬಕೆಟ್ಟಿಗೆ ಬಾಗಿದ್ದಾಗ ಅವಳಿಗೂ ಕೇಳಿಸಿತ್ತಲ್ಲ, ಬೆನ್ನ ಹಿಂದೆ ಚಿಟ್ ಅಂತ, ಒಣಗಿದ ಎಲೆ ಮುರಿದ ಹಾಗೆ, ಏನದು ಅಂತ ಕೇಳಿದ್ದಳು, ಏನಿಲ್ಲ, ತುಂಬಿದ ಬಾಯಲ್ಲಿ, ಏನಿಲ್ಲ, ತಿರುಗಿದಾಗ ಅವನ ದವಡೆ ಆಡುತ್ತಿತ್ತು, ಪಾಪ, ಅಣ್ಣನನ್ನು ನೆನೆದು ಅಳು ನುಂಗುತ್ತಿದ್ದಾನೆ ಅಂತ, ಪ್ಲಾಸ್ಟರ್ ಕೈಯಲ್ಲೇ ತಬ್ಬಿಕೊಂಡಿದ್ದಳು, ಅವಳ ನೆತ್ತಿಯ ಮೇಲೆ ಆ ದವಡೆ, ಮೆಲ್ಲಗೆ, ಸದ್ದಾಗದ ಹಾಗೆ, ಆಡುತ್ತಿರುವ ದವಡೆ —